ಹೋಂಸ್ಟೇ ಬಿಲ್‌ನ ತೆರಿಗೆ: ಪಂಚಾಯಿತಿಗೆಷ್ಟು, ಜಿಎಸ್‌ಟಿ ಎಷ್ಟು, ಕಟ್ಟುವವರು ಯಾರು?

ತೋಟದಮನೆ_ಮೂಡಿಗೆರೆ

ಕಾಫಿ ತೋಟದೊಳಗೆ ನಾಲ್ಕು ಕೋಣೆಯ ಹೋಂಸ್ಟೇ. ಕೋಣೆಗೆ ರಾತ್ರಿಗೆ ₹4,500, ಬೆಳಗಿನ ತಿಂಡಿ ಸೇರಿ. ಅತಿಥಿಗಳಿಂದ ವರ್ಷಕ್ಕೆ ₹9 ಲಕ್ಷ ಬರುತ್ತದೆ, ಅರ್ಧ ಆ್ಯಪ್‌ನಿಂದ, ಅರ್ಧ ನೇರ ಫೋನ್ ಬುಕಿಂಗ್. ಕಾಫಿ ಮಾರಾಟ ₹16 ಲಕ್ಷ. ಎರಡೂ ಒಂದೇ ಪ್ಯಾನ್‌ನಲ್ಲಿ. ಜಿಎಸ್‌ಟಿ ನೋಂದಣಿ ಇಲ್ಲ.

ತಿಳಿದವರು ಹೇಳಿ. ಬಂದ ಅತಿಥಿಗೆ ತಲೆಗಿಷ್ಟು ಅಂತ ಗ್ರಾಮ ಪಂಚಾಯಿತಿ ಪ್ರವಾಸಿ ತೆರಿಗೆ ಹಾಕಬಹುದಾ? ಆ್ಯಪ್‌ನವರೇ ಜಿಎಸ್‌ಟಿ ಹಿಡಿದುಕೊಳ್ಳುತ್ತಿರುವಾಗ ನಾವೂ ನೋಂದಣಿ ಮಾಡಿಸಬೇಕಾ? ದರ 12% ಅಂತ ಕೆಲವರು, 5% ಅಂತ ಕೆಲವರು. ಯಾವುದು ಸರಿ?

ಲೆಕ್ಕದ_ಪುಸ್ತಕ

ದರದ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸೋಣ. 2025ರ ಸೆಪ್ಟೆಂಬರ್ 22ರಿಂದ ಒಂದು ಕೋಣೆಗೆ ದಿನಕ್ಕೆ ₹7,500ರವರೆಗೆ 5%, ಆದರೆ ಇನ್‌ಪುಟ್ ಕ್ರೆಡಿಟ್ (ಖರೀದಿ, ಖರ್ಚಿನ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಇಲ್ಲ. ₹7,500 ದಾಟಿದರೆ 18%, ಇನ್‌ಪುಟ್ ಕ್ರೆಡಿಟ್ ಉಂಟು. 12% ಅನ್ನುವವರು ಹಳೇ ಪಟ್ಟಿ ನೋಡುತ್ತಿದ್ದಾರೆ. ₹1,000ದೊಳಗಿನ ಕೋಣೆಗೆ ತೆರಿಗೆಯೇ ಇಲ್ಲ ಅನ್ನುವುದು ಅದಕ್ಕೂ ಹಳೆಯದು. ಆ ವಿನಾಯಿತಿ 2022ರ ಜುಲೈ 18ಕ್ಕೇ ಹೋಯಿತು. ₹800ರ ಲಾಡ್ಜ್ ಕೋಣೆಗೂ ಈಗ 5%.

ಪಂಚಾಯಿತಿ ವಿಷಯ. ಕೋಣೆಯ ಬಾಡಿಗೆ ಮೇಲಿನ ತೆರಿಗೆ ಮೊದಲು ರಾಜ್ಯದ ಕೈಯಲ್ಲಿತ್ತು, 1979ರ ಕರ್ನಾಟಕ ವಿಲಾಸ ತೆರಿಗೆ ಕಾಯ್ದೆಯಡಿ. 2017ರ ಜುಲೈ 1ಕ್ಕೆ ಅದು ಜಿಎಸ್‌ಟಿಯೊಳಗೆ ಸೇರಿತು. ಸಂವಿಧಾನದ 101ನೇ ತಿದ್ದುಪಡಿ ರಾಜ್ಯ ಪಟ್ಟಿಯ 62ನೇ ನಮೂದಿನಿಂದ 'ವಿಲಾಸ'ವನ್ನೇ ತೆಗೆದುಹಾಕಿತು. ಈಗ ಅಲ್ಲಿ ಉಳಿದಿರುವುದು ಸ್ಥಳೀಯ ಸಂಸ್ಥೆಗಳು ವಿಧಿಸುವ ಮನರಂಜನಾ ತೆರಿಗೆ ಮಾತ್ರ. ಹಾಗಾಗಿ ಕೋಣೆ ಬಾಡಿಗೆಗೆ ಇಷ್ಟು ಶೇಕಡಾ ಅಂತ ತೆರಿಗೆ ಹಾಕುವ ಅಧಿಕಾರ ಪಂಚಾಯಿತಿಗೂ ಇಲ್ಲ, ಪುರಸಭೆಗೂ ಇಲ್ಲ.

ಪಂಚಾಯ್ತಿಕಟ್ಟೆ

ಮೇಲಿನದಕ್ಕೆ ಸ್ವಲ್ಪ ಸೇರಿಸಬೇಕು. ಪಂಚಾಯಿತಿ ಏನನ್ನೂ ಕೇಳುವಂತಿಲ್ಲ ಅಂತ ಯಾರೂ ತಿಳಿಯಬೇಡಿ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಲ್ಲಿ ಪಟ್ಟಿಯೇ ಇದೆ: ಕಟ್ಟಡ ತೆರಿಗೆ, ನೀರಿನ ದರ, ಜಾಹೀರಾತು ಫಲಕದ ತೆರಿಗೆ, ಸಂತೆ ಶುಲ್ಕ, ಜಾತ್ರೆ-ಉತ್ಸವಕ್ಕೆ ಬರುವವರಿಂದ ಯಾತ್ರಿಕರ ಶುಲ್ಕ ಇತ್ಯಾದಿ. ಹೋಂಸ್ಟೇಗೆ ತಟ್ಟುವುದು ಮುಖ್ಯವಾಗಿ ಕಟ್ಟಡ ತೆರಿಗೆ, ಲೈಸೆನ್ಸ್ ಶುಲ್ಕ, ರಸ್ತೆ ಬದಿ ಬೋರ್ಡ್ ಇದ್ದರೆ ಅದರ ತೆರಿಗೆ. ಕಸ ವಿಲೇವಾರಿಗೂ ಶುಲ್ಕ ಕೇಳಬಹುದು. ಇವು ಯಾವುವೂ ಅತಿಥಿಗಳ ತಲೆ ಎಣಿಸಿ ಬರುವ ಲೆಕ್ಕವಲ್ಲ.

ಯಾರಾದರೂ ಬಂದು ತಲೆಗಿಷ್ಟು ಕೊಡಿ ಅಂದರೆ ಜಗಳಕ್ಕೆ ನಿಲ್ಲಬೇಡಿ. ಎರಡು ಕಾಗದ ಕೇಳಿ: ಯಾವ ಪ್ರಕರಣದಡಿ ಅನ್ನುವ ಡಿಮ್ಯಾಂಡ್ ನೋಟಿಸ್, ಮತ್ತು ಅದನ್ನು ಪಾಸು ಮಾಡಿದ ಸಭೆಯ ನಡಾವಳಿ ಪ್ರತಿ. ಕಟ್ಟಿದ್ದಕ್ಕೆಲ್ಲ ಗಣಕೀಕೃತ ರಸೀದಿ ಇರಲಿ. ಕೈಬರಹದ ಚೀಟಿಗೆ ದುಡ್ಡು ಕೊಟ್ಟರೆ ನಾಳೆ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಆ ಚೀಟಿ ಯಾವ ಲೆಕ್ಕಕ್ಕೂ ಬರಲ್ಲ.

ಕಡಲತಡಿ_ಗೋಕರ್ಣ

ಹಾಗಾದರೆ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ ನಾಕಾದಲ್ಲೇ ಪ್ರವಾಸಿ ಕರ ತೆಗೆದುಕೊಳ್ಳುತ್ತಾರಲ್ಲ? ಸಿಕ್ಕಿಂನಲ್ಲಿ ಹೋಟೆಲ್‌ನವರೇ ₹50 ವಸೂಲಿ ಮಾಡುತ್ತಾರೆ.

ಲೆಕ್ಕದ_ಪುಸ್ತಕ

ಅವೆರಡೂ ಕೋಣೆ ಬಾಡಿಗೆ ಮೇಲಿನ ತೆರಿಗೆ ಅಲ್ಲ. ಮಹಾಬಲೇಶ್ವರದ್ದು ಊರಿಗೆ ಬರುವ ವ್ಯಕ್ತಿಯ ಮೇಲೆ, ಅಲ್ಲಿನ ಪುರಸಭೆ ಕಾನೂನಿನಡಿ. ಸಿಕ್ಕಿಂನದು 2025ರ ಮಾರ್ಚ್‌ನಿಂದ ಬಂದ ಪ್ರವಾಸಿ ಶುಲ್ಕ. ರಾಜ್ಯ ಅದಕ್ಕೆಂದೇ ನಿಯಮ ಮಾಡಿದೆ, ಹೋಟೆಲ್‌ನವರು ವಸೂಲಿ ಮಾಡಿ ಸರ್ಕಾರಕ್ಕೆ ದಾಟಿಸುತ್ತಾರೆ. ಕೋಣೆ ₹1,000 ಇರಲಿ ₹10,000 ಇರಲಿ, ತಲೆಗೆ ₹50. ಕರ್ನಾಟಕದ ಯಾವುದೇ ಪಂಚಾಯಿತಿ ಅಂಥದ್ದನ್ನು ತನ್ನಷ್ಟಕ್ಕೇ ಶುರುಮಾಡಲು ಬರುವುದಿಲ್ಲ. ಹಿಂದೆ ಒಂದು ಕಾನೂನು ಇರಬೇಕು.

ಪ್ಯಾನ್_ಪಹಣಿ

ಎಲ್ಲರೂ ಪಂಚಾಯಿತಿ ಹಿಂದೆ ಬಿದ್ದಿದ್ದೀರಿ. ಮೊದಲ ಪೋಸ್ಟ್‌ನಲ್ಲಿರುವ ಗುಂಡಿ ಬೇರೆ ಕಡೆ ಇದೆ: 9 + 16 = 25.

ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ನೋಂದಣಿ ಮಿತಿ ವರ್ಷಕ್ಕೆ ₹20 ಲಕ್ಷ. ಆ ₹20 ಲಕ್ಷ ಅಂದರೆ ಹೋಂಸ್ಟೇ ವಹಿವಾಟು ಮಾತ್ರ ಅಂತ ಮುಕ್ಕಾಲು ಪಾಲು ಜನ ತಿಳಿದಿದ್ದಾರೆ. ಜಿಎಸ್‌ಟಿ ಕಾಯ್ದೆಯ 2(6)ನೇ ಪ್ರಕರಣ ಹೇಳುವುದು ಒಟ್ಟು ವಹಿವಾಟು: ಒಂದೇ ಪ್ಯಾನ್‌ನಲ್ಲಿ ದೇಶದ ಯಾವ ಮೂಲೆಯಲ್ಲಿ ನಡೆದರೂ, ತೆರಿಗೆ ಇರುವ ಮಾರಾಟ ಮತ್ತು ತೆರಿಗೆ ಇಲ್ಲದ ಮಾರಾಟ ಎರಡನ್ನೂ ಕೂಡಿಸಿ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ, ನಿಜ. ಆದರೆ ತೆರಿಗೆಯಿಂದ ಬಿಟ್ಟಿದ್ದಾರೆ ಅಂದಮಾತ್ರಕ್ಕೆ ಎಣಿಕೆಯಿಂದ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ಒಂದು ಮನೆ ಬಾಡಿಗೆಗೆ ಕೊಟ್ಟಿದ್ದರೆ ಅದೂ ಸೇರುತ್ತದೆ.

ಕೊಡಗಿನ_ಬೆಟ್ಟ

ಇದನ್ನು ಒಪ್ಪಲಾಗದು. 23ನೇ ಪ್ರಕರಣದಲ್ಲಿ ಕೃಷಿಕರಿಗೆ ನೋಂದಣಿಯೇ ಬೇಡ ಎಂದಿದೆ. ಒಣಗಿಸಿದ ಕಾಳುಮೆಣಸಿನ ಗೊಂದಲವನ್ನೂ 2024ರ ಡಿಸೆಂಬರ್‌ನ ಜೈಸಲ್ಮೇರ್ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ಬಗೆಹರಿಸಿದ್ದಾರೆ, ಬೆಳೆಗಾರ ಮಾರುವ ಕಾಳುಮೆಣಸಿಗೆ ನೋಂದಣಿ ಬೇಕಿಲ್ಲ ಅಂತ. ಕೃಷಿ ಆದಾಯವನ್ನು ಕೋಣೆ ಬಾಡಿಗೆ ಜತೆ ಕೂಡಿಸುವುದು ಯಾವ ನ್ಯಾಯ?

ಪ್ಯಾನ್_ಪಹಣಿ

ನ್ಯಾಯದ ಮಾತು ಬೇರೆ, ಅಕ್ಷರ ಬೇರೆ. 23(1)(ಬಿ)ಯಲ್ಲಿ ಇರುವುದು 'ಭೂಮಿಯ ಸಾಗುವಳಿಯಿಂದ ಬಂದ ಉತ್ಪನ್ನದ ಪೂರೈಕೆಯ ಮಟ್ಟಿಗೆ'. ಆ ಮಟ್ಟಿಗೆ ಮಾತ್ರ. ಬರೀ ಕಾಫಿ ಮಾರುವ ಬೆಳೆಗಾರ ₹2 ಕೋಟಿ ಮಾರಿದರೂ ನೋಂದಣಿ ಬೇಡ. ಅದೇ ಬೆಳೆಗಾರ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟ ಕೂಡಲೇ ತೆರಿಗೆ ಇರುವ ಸೇವೆ ಶುರುವಾಯಿತು. ಆಗ ನೋಂದಣಿ ಕಡ್ಡಾಯ ಮಾಡುವ 22(1)ಕ್ಕೆ ಬರುತ್ತೀರಿ, ಅಲ್ಲಿ ಅಳೆಯುವುದು ಒಟ್ಟು ವಹಿವಾಟನ್ನೇ.

ಇನ್ನೊಂದು ಮಾತು: ಕಾಯ್ದೆಯ ಪ್ರಕಾರ ಕೃಷಿಕ ಅಂದರೆ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿ ಹೆಸರಿನ ತೋಟಕ್ಕೆ ಆ ರಿಯಾಯಿತಿಯೇ ಸಿಗದು.

ಕೊಡಗಿನ_ಬೆಟ್ಟ

ಸರಿ, ಓದಿದೆ. 'ಮಟ್ಟಿಗೆ' ಅನ್ನುವ ಪದ ಇದೆ. ಹಾಗಾದರೆ ತೋಟ ಕುಟುಂಬದ ಪ್ಯಾನ್‌ನಲ್ಲಿದ್ದು, ಹೋಂಸ್ಟೇಯನ್ನು ಮನೆಯೊಡತಿ ತನ್ನ ಪ್ಯಾನ್‌ನಲ್ಲಿ ನಡೆಸಿದರೆ?

ಪ್ಯಾನ್_ಪಹಣಿ

ಎರಡು ಪ್ಯಾನ್, ಎರಡು ಲೆಕ್ಕ. ಎಣಿಕೆ ಬೇರೆಬೇರೆ. ಆದರೆ ಅದು ಕಾಗದದಲ್ಲೂ ನಿಜದಲ್ಲೂ ಹಾಗೆಯೇ ಇರಬೇಕು: ಪಂಚಾಯಿತಿ ಲೈಸೆನ್ಸ್, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಆ್ಯಪ್ ಖಾತೆ, ಯುಪಿಐ ಕ್ಯೂಆರ್, ಹಣ ಬೀಳುವ ಬ್ಯಾಂಕ್ ಖಾತೆ ಎಲ್ಲವೂ ನಡೆಸುವವರ ಹೆಸರಿನಲ್ಲಿ, ಕಟ್ಟಡ ಬಳಸಲು ಕುಟುಂಬದ ಒಪ್ಪಿಗೆ ಪತ್ರದೊಂದಿಗೆ. ಲೈಸೆನ್ಸ್ ಹೆಂಡತಿ ಹೆಸರಲ್ಲಿ, ಹಣ ಗಂಡನ ಖಾತೆಗೆ ಅಂತಾದರೆ ಅಧಿಕಾರಿ ಮೊದಲು ಎತ್ತುವುದೇ ಅದನ್ನು.

ಇನ್ನು ವಹಿವಾಟು ಅಂದರೆ ಬ್ಯಾಂಕಿಗೆ ಬಂದದ್ದಲ್ಲ. ಅತಿಥಿ ₹10,000 ಕೊಟ್ಟು, ಆ್ಯಪ್ 15% ಕಮಿಷನ್ ಹಿಡಿದು, ಮೇಲೆ ಕಮಿಷನ್‌ನ 18% ಜಿಎಸ್‌ಟಿ ₹270 ಹಿಡಿದರೆ ಕೈಗೆ ಸಿಗುವುದು ₹8,230. ಎಣಿಸಬೇಕಾದದ್ದು ₹10,000. ಪಾಸ್‌ಬುಕ್ ಕೂಡಿಸಿ 'ಹದಿನೆಂಟು ಲಕ್ಷ ಅಷ್ಟೇ' ಅಂದುಕೊಂಡವರು ಹೀಗೆಯೇ ಮಿತಿ ದಾಟಿರುತ್ತಾರೆ. ಆದಾಯ ತೆರಿಗೆಯ ಎಐಎಸ್‌ನಲ್ಲಿ (ವಾರ್ಷಿಕ ಮಾಹಿತಿ ಪಟ್ಟಿ) ಆ್ಯಪ್‌ನವರು ತೋರಿಸುವುದೂ ಪೂರ್ತಿ ಮೊತ್ತವನ್ನೇ.

ತೋಟದಮನೆ_ಮೂಡಿಗೆರೆ

ಆ್ಯಪ್‌ನವರು ಕಟ್ಟುತ್ತಿರುವ ಜಿಎಸ್‌ಟಿ ಕತೆ ಏನು ಹಾಗಾದರೆ?

ರಿಟರ್ನ್_ರಾಯ

ಅದು ಜಿಎಸ್‌ಟಿ ಕಾಯ್ದೆಯ 9(5)ನೇ ಪ್ರಕರಣ. ಮಾಲೀಕರು ನೋಂದಣಿ ಮಿತಿಯೊಳಗಿದ್ದರೆ ಆ್ಯಪ್ ಮೂಲಕ ಬಂದ ಬುಕಿಂಗ್‌ನ ಜಿಎಸ್‌ಟಿ ಕಟ್ಟುವ ಹೊಣೆ ಆ್ಯಪ್‌ನದ್ದೇ. ಮಾಲೀಕರು 22(1)ರಡಿ ನೋಂದಣಿಗೆ ಬಾಧ್ಯರಾದ ಕ್ಷಣ ಆ ಹೊಣೆ ಮಾಲೀಕರ ಹೆಗಲಿಗೆ ಬರುತ್ತದೆ. ಆ್ಯಪ್‌ಗೆ ನಿಮ್ಮ ಕಾಫಿ ಮಾರಾಟದ ವಿಷಯ ಗೊತ್ತಿಲ್ಲ. ಜಿಎಸ್‌ಟಿ ಸಂಖ್ಯೆ ಕೊಟ್ಟಿಲ್ಲವಾದ್ದರಿಂದ ಮಿತಿಯೊಳಗಿದ್ದೀರಿ ಅಂದುಕೊಂಡು ಅದು ಕಟ್ಟುತ್ತಲೇ ಇರುತ್ತದೆ. ನಾಳೆ ನೋಟಿಸ್ ಬಂದರೆ 'ಆ್ಯಪ್ ಆಗಲೇ ಕಟ್ಟಿದೆ' ಅಂತ ಉತ್ತರಿಸಬಹುದು, ಆದರೆ ಆ ಜಗ್ಗಾಟಕ್ಕೆ ಬೀಳುವುದಕ್ಕಿಂತ ತಾರೀಖು ಸರಿ ಹಿಡಿಯುವುದು ಒಳ್ಳೆಯದು. ಅಲ್ಲದೆ ಫೋನ್ ಬುಕಿಂಗ್‌ನ ಅರ್ಧಕ್ಕೆ ಯಾರೂ ತೆರಿಗೆ ಕಟ್ಟಿಲ್ಲವಲ್ಲ, ಅದು ಹೇಗೂ ಬಾಕಿ.

ನಿಮ್ಮ ಅಂಕಿಗಳಲ್ಲೇ ನೋಡಿ. ನೋಂದಣಿ ಆದ ಮೇಲೆ ₹9 ಲಕ್ಷಕ್ಕೆ 5% ಅಂದರೆ ವರ್ಷಕ್ಕೆ ₹45,000, ಅತಿಥಿಯಿಂದ ಪಡೆದು ನೀವೇ ಕಟ್ಟುವುದು. ಆ್ಯಪ್ ಇನ್ನು ಮುಂದೆ ಜಿಎಸ್‌ಟಿ ಕಟ್ಟದು, ಬದಲಿಗೆ ಟಿಸಿಎಸ್ (ನಿಮಗೆ ಕೊಡುವ ಹಣದಲ್ಲೇ ಮೊದಲು ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತದೆ: 2024ರ ಜುಲೈ 10ರಿಂದ 0.5%. ₹4.5 ಲಕ್ಷಕ್ಕೆ ₹2,250. ಅದು ಖರ್ಚಲ್ಲ, ನಿಮ್ಮದೇ ಹಣ. ಪೋರ್ಟಲ್‌ನಲ್ಲಿ 'ಟಿಡಿಎಸ್/ಟಿಸಿಎಸ್ ಕ್ರೆಡಿಟ್' ಪುಟಕ್ಕೆ ಹೋಗಿ ಪ್ರತಿ ಸಾಲನ್ನೂ ಅಕ್ಸೆಪ್ಟ್ ಮಾಡಿ ಸಲ್ಲಿಸಿದರೆ ಜಿಎಸ್‌ಟಿ ಕಟ್ಟಲು ಬಳಸುವ ನಗದು ಲೆಡ್ಜರ್‌ಗೆ ಬೀಳುತ್ತದೆ. ಅಲ್ಲಿ ಕ್ಲಿಕ್ ಮಾಡದೇ ವರ್ಷಗಟ್ಟಲೆ ಹಾಗೇ ಬಿಟ್ಟ ಹೋಂಸ್ಟೇಗಳು ಬೇಕಾದಷ್ಟಿವೆ.

ಆದಾಯ ತೆರಿಗೆಯ ಟಿಡಿಎಸ್ ಬೇರೆ, 0.1%. ವ್ಯಕ್ತಿಯ ಹೆಸರಿನ ಖಾತೆಯಾಗಿ, ಆ ಆ್ಯಪ್ ಮೂಲಕ ವರ್ಷದ ವಹಿವಾಟು ₹5 ಲಕ್ಷದೊಳಗಿದ್ದು ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಅದನ್ನು ಹಿಡಿಯುವುದಿಲ್ಲ.

ಕಡಲತಡಿ_ಗೋಕರ್ಣ

ಕರಾವಳಿಯಲ್ಲಿ ಜಾಸ್ತಿ ಇರುವುದು ಪೂರ್ತಿ ವಿಲ್ಲಾ ಕೊಡುವ ವ್ಯವಹಾರ. ಐದು ಬೆಡ್‌ರೂಮಿನ ಮನೆ ರಾತ್ರಿಗೆ ₹20,000. ಇದಕ್ಕೆ 18% ಹಾಕಬೇಕಾ, ಅಥವಾ ಕೋಣೆಗೆ ₹4,000 ಬಿತ್ತು ಅಂತ 5% ಸಾಕಾ? ವ್ಯತ್ಯಾಸ ಸಣ್ಣದಲ್ಲ: ₹3,600 ಎದುರು ₹1,000.

ಲೆಕ್ಕದ_ಪುಸ್ತಕ

ಯಾವುದನ್ನು ಒಂದು ಘಟಕವಾಗಿ ಮಾರಿದಿರಿ ಅನ್ನುವುದೇ ನಿರ್ಧರಿಸುತ್ತದೆ. ಲಿಸ್ಟಿಂಗ್‌ನಲ್ಲಿ 'ಪೂರ್ತಿ ವಿಲ್ಲಾ', ಒಂದೇ ಬೆಲೆ, ಒಂದೇ ಬುಕಿಂಗ್ ಅಂತಿದ್ದರೆ ಘಟಕ ಒಂದೇ, ಮೌಲ್ಯ ₹20,000, ದರ 18%. ಬಿಲ್ಲಿನಲ್ಲಿ ಮಾತ್ರ ಐದು ಸಾಲು ಬರೆದು ಐದು ಕೋಣೆ ಅನ್ನುವುದು ನಿಲ್ಲುವುದಿಲ್ಲ, ಲಿಸ್ಟಿಂಗ್‌ನ ಸ್ಕ್ರೀನ್‌ಶಾಟ್ ಒಂದೇ ಸಾಕು ಅದನ್ನು ಬೀಳಿಸಲು. ಕೋಣೆಗಳನ್ನು ನಿಜವಾಗಿಯೂ ಬಿಡಿಬಿಡಿಯಾಗಿ ಮಾರುತ್ತಿದ್ದು, ಯಾರು ಬೇಕಾದರೂ ಒಂದೇ ಕೋಣೆ ತೆಗೆದುಕೊಳ್ಳಬಹುದಾಗಿದ್ದರೆ, ಒಂದು ಗುಂಪು ಐದನ್ನೂ ಹಿಡಿದ ದಿನವೂ ಐದು ಘಟಕವೇ. ಡಾರ್ಮಿಟರಿಯಲ್ಲಿ ಬೆಡ್ ಲೆಕ್ಕದಲ್ಲಿ ಮಾರಿದರೆ ಬೆಡ್ಡೇ ಘಟಕ.

ಬೋರ್ಡಿನ ಮೇಲಿನ ದರ ಲೆಕ್ಕಕ್ಕಿಲ್ಲ, ನಿಜವಾಗಿ ಪಡೆದ ದರ ಲೆಕ್ಕಕ್ಕೆ. ₹8,200ರ ಕೋಣೆಯನ್ನು ಮಳೆಗಾಲದಲ್ಲಿ ₹6,500ಕ್ಕೆ ಕೊಟ್ಟರೆ 5%. ಅದೇ ಕೋಣೆ ಶನಿವಾರ ₹8,200ಕ್ಕೆ ಹೋದರೆ ಆ ರಾತ್ರಿಗೆ 18%. ಒಂದೇ ಬಿಲ್ಲಿನಲ್ಲಿ ಎರಡು ದರದ ಎರಡು ಸಾಲು ಬಂದರೆ ಗಾಬರಿ ಬೇಡ.

ಅಂಕಿಸಂಕಿ

₹7,500ರ ಗೆರೆಯಲ್ಲಿ ಯಾರೂ ಹೇಳದ ಒಂದು ವಿಚಿತ್ರ ಇದೆ. 'ತೆರಿಗೆ ಸೇರಿ ₹8,000' ಅಂತ ಫೋನಿನಲ್ಲಿ ಒಪ್ಪಿಕೊಂಡಿರಿ ಎನ್ನಿ. 5% ಅಂತ ಬಿಡಿಸಿದರೆ 8,000 ÷ 1.05 = ₹7,619. ಗೆರೆ ದಾಟಿತು, ಹಾಗಾಗಿ 5% ತಪ್ಪು. 18% ಅಂತ ಬಿಡಿಸಿದರೆ 8,000 ÷ 1.18 = ₹6,780. ಗೆರೆಯೊಳಗೆ ಬಂತು, ಹಾಗಾಗಿ 18% ತಪ್ಪು. ಎರಡು ಕಡೆಯಿಂದಲೂ ತಾಳೆಯಾಗುವುದಿಲ್ಲ.

₹7,500ಕ್ಕೆ 5% ಸೇರಿಸಿದರೆ ₹7,875, 18% ಸೇರಿಸಿದರೆ ₹8,850. ಈ ಎರಡರ ನಡುವಿನ ಯಾವ ಮೊತ್ತವನ್ನೂ ತೆರಿಗೆ ಸೇರಿ ಅಂತ ಹೇಳಬೇಡಿ. ಒಂದೋ ₹7,875ಕ್ಕೆ ಇಳಿಸಿ, ಇಲ್ಲವೇ ತೆರಿಗೆ ಬೇರೆ ಅಂತಲೇ ಹೇಳಿ.

ಕಡಲತಡಿ_ಗೋಕರ್ಣ

ಇದು ಸೂಪರ್. ಸಾಫ್ಟ್‌ವೇರ್ ಏಕೆ ಆ ಬೆಲೆಗೆ ಬಿಲ್ ತಿರುಗಿಸಿ ಮುರುಗಿಸಿ ತೋರಿಸುತ್ತದೆ ಅಂತ ಈಗ ಅರ್ಥವಾಯಿತು. ಪ್ಯಾಕೇಜ್ ಮಾಡಿದರೆ? ಕೋಣೆ ₹6,500, ರಾತ್ರಿಯೂಟ, ಕ್ಯಾಂಪ್‌ಫೈರ್, ಜೀಪ್ ಸವಾರಿ ಸೇರಿ ₹9,000.

ಲೆಕ್ಕದ_ಪುಸ್ತಕ

ಒಂದೇ ಬೆಲೆಗೆ ಕಟ್ಟಿ ಮಾರಿದರೆ ₹9,000ವೇ ಕೋಣೆಯ ಮೌಲ್ಯ ಅಂತಾಗುವ ಅಪಾಯ, ಪೂರ್ತಿಗೆ 18%. ಬೆಳಗಿನ ತಿಂಡಿ ಕೋಣೆಯೊಡನೆ ಸಹಜವಾಗಿ ಬರುವಂಥದ್ದು, ಅದನ್ನು ಬಿಡಿಸುವ ಅಗತ್ಯವಿಲ್ಲ. ಜೀಪ್, ಚಾರಣ, ರಾತ್ರಿಯೂಟ ಅತಿಥಿ ಬೇಕಾದರೆ ತೆಗೆದುಕೊಳ್ಳುವಂತಿದ್ದರೆ ಬೇರೆ ಬೆಲೆ, ಬೇರೆ ಸಾಲು, ಬೇರೆ ಎಸ್‌ಎಸಿ ಕೋಡ್ (ಸೇವೆಯ ಬಗೆ ತಿಳಿಸುವ ಸಂಖ್ಯೆ) ಇರಲಿ. ಕೋಣೆಗೆ 996311. ಎಕ್ಸ್‌ಟ್ರಾ ಬೆಡ್ ಮಾತ್ರ ಬೇರೆ ಸಾಲಿನಲ್ಲಿ ಬರೆದರೂ ಕೋಣೆಯ ಮೌಲ್ಯಕ್ಕೆ ಕೂಡಿಸಿಯೇ ಗೆರೆ ನೋಡುವುದು ಕ್ಷೇಮ.

ಅಡುಗೆಮನೆ_ಲೆಕ್ಕ

ಊಟ ಬೇರೆ ಸಾಲಿಗೆ ಹಾಕುವವರು ಇದನ್ನೂ ಓದಿಕೊಳ್ಳಿ. ಊಟಕ್ಕೆ ಸಾಮಾನ್ಯವಾಗಿ 5%, ಇನ್‌ಪುಟ್ ಇಲ್ಲದೆ. ಆದರೆ 'ನಿರ್ದಿಷ್ಟ ಆವರಣ' ಆಗಿಬಿಟ್ಟರೆ 18%. 2025ರ ಏಪ್ರಿಲ್ 1ರಿಂದ ಅದರ ಅರ್ಥ ಬದಲಾಗಿದೆ: ಹಿಂದಿನ ಹಣಕಾಸು ವರ್ಷದಲ್ಲಿ ಆ ಜಾಗದ ಯಾವುದೇ ಒಂದು ಕೋಣೆ ದಿನಕ್ಕೆ ₹7,500 ಮೀರಿ ಹೋಗಿದ್ದರೆ, ಈ ವರ್ಷ ಪೂರ್ತಿ ಅಲ್ಲಿನ ಊಟಕ್ಕೆ 18%.

ಅಂದರೆ ವರ್ಷವೆಲ್ಲ ₹5,000ಕ್ಕೆ ಕೊಡುವ ಕೋಣೆಯನ್ನು ಡಿಸೆಂಬರ್ 31ರ ರಾತ್ರಿ ಒಂದೇ ಒಂದು ಸಲ ₹8,000ಕ್ಕೆ ಕೊಟ್ಟಿರಿ. ಆ ಒಂದು ರಾತ್ರಿಗಾಗಿ ಮುಂದಿನ ಏಪ್ರಿಲ್‌ನಿಂದ ಹನ್ನೆರಡು ತಿಂಗಳು ಅಕ್ಕಿರೊಟ್ಟಿಗೂ ಪಂದಿಕರಿಗೂ 18%. ಹೊಸವರ್ಷದ ದರವನ್ನು ₹7,500ಕ್ಕೆ ನಿಲ್ಲಿಸುವುದೇ ಎಷ್ಟೋ ಸಲ ಲಾಭ. ಡೈನಾಮಿಕ್ ದರ ಆನ್ ಮಾಡಿದ್ದರೆ ಮೇಲ್ಮಿತಿಯಲ್ಲಿ 7,500 ಹಾಕಿ.

ಕೊಡಗಿನ_ಬೆಟ್ಟ

ಪಂದಿಕರಿಗೆ 18% ಅಂದರೆ ಕೊಡಗಿನಲ್ಲಿ ದಂಗೆಯೇ ಆದೀತು.

ಅಂಕಿಸಂಕಿ

5% ಬಂದದ್ದು ಹೋಟೆಲ್‌ನವರಿಗೆ ಲಾಭವೋ ನಷ್ಟವೋ ಅನ್ನುವುದು ಇನ್‌ಪುಟ್ ಮೇಲೆ ನಿಂತಿದೆ. ಉದಾಹರಣೆಗೆ ₹4,000ದ ಕೋಣೆಗಳು, ತಿಂಗಳಿಗೆ ₹6 ಲಕ್ಷ ವಹಿವಾಟು, ಲಾಂಡ್ರಿ, ಕಮಿಷನ್, ಹೊದಿಕೆ, ರಿಪೇರಿ ಮೇಲೆ ಕೊಡುವ ಜಿಎಸ್‌ಟಿ ₹30,000 ಅಂತಿಟ್ಟುಕೊಳ್ಳಿ.

ಮೊದಲು: ಅತಿಥಿಯಿಂದ 12% ಅಂದರೆ ₹72,000, ಅದರಲ್ಲಿ ₹30,000 ಇನ್‌ಪುಟ್ ಕಳೆದು ₹42,000 ನಗದು ಕಟ್ಟುತ್ತಿದ್ದರು. ಜೇಬಿನ ಹೊರೆ ಸೊನ್ನೆ.

ಈಗ: ಅತಿಥಿಯಿಂದ ₹30,000 ಪಡೆದು ಪೂರ್ತಿ ನಗದಾಗಿ ಕಟ್ಟಬೇಕು. ಇನ್‌ಪುಟ್‌ನ ₹30,000 ನೇರ ಖರ್ಚು. ಅದನ್ನು ಸರಿದೂಗಿಸಲು ಬೆಲೆ 5% ಏರಿಸಿದರೆ ಕೋಣೆ ₹4,200, ತೆರಿಗೆ ಸೇರಿ ₹4,410. ಹಳೇ ಲೆಕ್ಕದಲ್ಲಿ ಅತಿಥಿ ಕೊಡುತ್ತಿದ್ದದ್ದು ₹4,480. ಏರಿಸಿದ ಮೇಲೂ ಅತಿಥಿಗೆ ₹70 ಕಡಿಮೆಯೇ. ಕಟ್ಟಡ ಕೆಲಸ ನಡೆಯುತ್ತಿರುವ ವರ್ಷ ಇನ್‌ಪುಟ್ ಹೆಚ್ಚು, ಆಗ ಈ ಲೆಕ್ಕ ತಲೆಕೆಳಗಾಗುತ್ತದೆ.

'ನಮಗೆ 5% ಬೇಡ, ಹೆಚ್ಚು ಕಟ್ಟಿ ಇನ್‌ಪುಟ್ ತೆಗೆದುಕೊಳ್ಳುತ್ತೇವೆ' ಅನ್ನಲು ಆಯ್ಕೆ ಇಲ್ಲ. ₹7,500ರೊಳಗಿನ ಕೋಣೆಗೆ 5% ಒಂದೇ. ಎರಡೂ ಬಗೆಯ ಕೋಣೆ ಇರುವ ಹೋಟೆಲ್ ಸಾಮಾನ್ಯ ಖರ್ಚಿನ ಇನ್‌ಪುಟ್‌ನಲ್ಲಿ 5% ಕೋಣೆಗಳ ಪಾಲನ್ನು ನಿಯಮ 42ರ ಪ್ರಕಾರ ಪ್ರತಿ ತಿಂಗಳೂ ಹಿಂತಿರುಗಿಸಬೇಕು.

ರಿಟರ್ನ್_ರಾಯ

ಕಟ್ಟಡವನ್ನು ಲೀಸ್‌ಗೆ ಪಡೆದು ನಡೆಸುವವರಿಗೆ ಇದಕ್ಕಿಂತ ದೊಡ್ಡ ಹೊಡೆತ ರಿವರ್ಸ್ ಚಾರ್ಜ್. ನೋಂದಣಿ ಇರುವವರು ವಸತಿ ಮನೆಯನ್ನು ವ್ಯವಹಾರಕ್ಕೆಂದು ಬಾಡಿಗೆಗೆ ಪಡೆದರೆ 2022ರ ಜುಲೈ 18ರಿಂದ, ನೋಂದಣಿ ಇಲ್ಲದ ಮಾಲೀಕರಿಂದ ವಾಣಿಜ್ಯ ಕಟ್ಟಡ ಪಡೆದರೆ 2024ರ ಅಕ್ಟೋಬರ್ 10ರಿಂದ, ಬಾಡಿಗೆಯ 18% ಜಿಎಸ್‌ಟಿಯನ್ನು ಬಾಡಿಗೆದಾರರೇ ಕಟ್ಟಬೇಕು. ತಿಂಗಳಿಗೆ ₹60,000 ಬಾಡಿಗೆ ಇದ್ದರೆ ₹10,800. ನಗದು ಲೆಡ್ಜರ್‌ನಿಂದಲೇ ಹೋಗಬೇಕು, 5% ಕೋಣೆಗಳಿಗೆ ಅದರ ಕ್ರೆಡಿಟ್ಟೂ ಇಲ್ಲ. ವರ್ಷಕ್ಕೆ ₹1,29,600. ಲೀಸ್ ಮಾತುಕತೆಯಲ್ಲೇ ಈ ಅಂಕಿ ಮೇಜಿನ ಮೇಲೆ ಇರಲಿ.

ಪ್ಯಾನ್_ಪಹಣಿ

ಗೋಕರ್ಣದವರ ವಿಲ್ಲಾಕ್ಕೆ ಒಂದು ದಾರಿ ಬಿಟ್ಟುಹೋಗಿದೆ: ಕಾಂಪೊಸಿಷನ್, ಅಂದರೆ ಸಣ್ಣ ವಹಿವಾಟಿನವರು ಒಂದೇ ದರದಲ್ಲಿ ತಾವೇ ತೆರಿಗೆ ಕಟ್ಟುವ ಯೋಜನೆ. ಹಿಂದಿನ ವರ್ಷದ ವಹಿವಾಟು ₹50 ಲಕ್ಷದೊಳಗಿದ್ದರೆ ಸೇವೆಗಳಿಗೆ 6%, ಬಾಡಿಗೆ ಎಷ್ಟೇ ಇರಲಿ. ₹4,000ದ ಕೋಣೆಯವರಿಗೆ ಇದು ದಡ್ಡತನ, 5% ಅತಿಥಿಯಿಂದ ಬರುವಾಗ 6% ತಮ್ಮ ಜೇಬಿನಿಂದ ಯಾಕೆ ಕಟ್ಟಬೇಕು. ₹20,000ದ ವಿಲ್ಲಾಕ್ಕೆ ಮಾತ್ರ 18%ರ ₹3,600 ಬದಲು ₹1,200 ಸಾಕು.

ಷರತ್ತುಗಳು ಬಿಗಿ. ಟಿಸಿಎಸ್ ಹಿಡಿಯುವ ಆ್ಯಪ್‌ಗಳಲ್ಲಿ ಒಂದೇ ಒಂದು ಬುಕಿಂಗ್ ಕೂಡ ತೆಗೆದುಕೊಳ್ಳುವಂತಿಲ್ಲ, ಪೂರ್ತಿ ನೇರ ಬುಕಿಂಗ್ ಆಗಿರಬೇಕು. ಬಿಲ್ಲಿನಲ್ಲಿ ತೆರಿಗೆ ತೋರಿಸುವಂತಿಲ್ಲ, ಕೊಡಬೇಕಾದದ್ದು ಬಿಲ್ ಆಫ್ ಸಪ್ಲೈ. ಈಗಾಗಲೇ ನೋಂದಣಿ ಇದ್ದವರು ಹಣಕಾಸು ವರ್ಷ ಶುರುವಾಗುವ ಮೊದಲೇ ಸಿಎಂಪಿ-02 ಅರ್ಜಿ ಹಾಕಬೇಕು. ಕಂಪನಿ ಗಿರಾಕಿಗಳಿಗೆ ಇನ್‌ಪುಟ್ ಸಿಗದು.

ಐಟಿ_ಟೀಮ್_ಔಟಿಂಗ್

ಕಂಪನಿ ಗಿರಾಕಿ ಅಂದಾಗ ನೆನಪಾಯಿತು. ಹೈದರಾಬಾದ್ ಕಂಪನಿ ಸಕಲೇಶಪುರದ ರೆಸಾರ್ಟ್‌ನಲ್ಲಿ ಉಳಿದರೆ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಪೂರೈಕೆಯ ಜಿಎಸ್‌ಟಿ) ಬಿಲ್ ಕೊಡಿ ಅಂತ ಕೇಳುತ್ತದೆ. ರೆಸಾರ್ಟ್ ಕೊಡಲ್ಲ ಅನ್ನುತ್ತದೆ. ಯಾರು ಸರಿ?

ರಿಟರ್ನ್_ರಾಯ

ರೆಸಾರ್ಟ್ ಸರಿ. ಐಜಿಎಸ್‌ಟಿ ಕಾಯ್ದೆ 12(3): ಹೋಟೆಲ್, ಗೆಸ್ಟ್‌ಹೌಸ್, ಹೋಂಸ್ಟೇ, ಕ್ಯಾಂಪ್‌ಸೈಟ್, ಹೌಸ್‌ಬೋಟ್ ಯಾವುದೇ ಇರಲಿ, ಪೂರೈಕೆಯ ಸ್ಥಳ ಅಂದರೆ ಕಟ್ಟಡ ಇರುವ ಜಾಗ. ಸಕಲೇಶಪುರದ ಕೋಣೆಗೆ ಯಾವಾಗಲೂ ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಕರ್ನಾಟಕದ ಎಸ್‌ಜಿಎಸ್‌ಟಿ (ರಾಜ್ಯದ ಪಾಲು), ಕೊಚ್ಚಿಯವರು ಬಂದರೂ ಜರ್ಮನಿಯವರು ಬಂದರೂ. ಆ ಕಂಪನಿಗೆ ಕರ್ನಾಟಕದಲ್ಲೂ ನೋಂದಣಿ ಇದ್ದರೆ ಆ ಸಂಖ್ಯೆ ಹಾಕಿಸಿಕೊಳ್ಳಲಿ. ತೆಲಂಗಾಣ ಸಂಖ್ಯೆಗೆ ಕರ್ನಾಟಕದ ಎಸ್‌ಜಿಎಸ್‌ಟಿ ಕ್ರೆಡಿಟ್ ದಕ್ಕದು.

ತೋಟದಮನೆ_ಮೂಡಿಗೆರೆ

ಅಡ್ವಾನ್ಸ್ ಪಡೆದು ಅತಿಥಿ ಬರದೇ ಹೋದರೆ?

ಲೆಕ್ಕದ_ಪುಸ್ತಕ

ಸೇವೆಗೆ ಅಡ್ವಾನ್ಸ್ ಬಂದ ದಿನವೇ ತೆರಿಗೆ. ರಸೀದಿ ವೋಚರ್ ಕೊಟ್ಟು ಆ ತಿಂಗಳ ಲೆಕ್ಕದಲ್ಲೇ ತೋರಿಸಬೇಕು. ವಾಪಸ್ ಕೊಟ್ಟರೆ ರೀಫಂಡ್ ವೋಚರ್. ಹಣ ಇಟ್ಟುಕೊಂಡರೆ, 2022ರ ಆಗಸ್ಟ್ 3ರ 178ನೇ ಸುತ್ತೋಲೆಯಂತೆ ರದ್ದತಿ ಶುಲ್ಕಕ್ಕೂ ಮೂಲ ಸೇವೆಯ ದರವೇ. 5% ಕೋಣೆಯ ರದ್ದತಿಗೆ 5%. ಉಳಿಯಲಿಲ್ಲವಲ್ಲ, ತೆರಿಗೆ ಯಾಕೆ ಅನ್ನುವ ವಾದ ನಡೆಯುವುದಿಲ್ಲ.

ಪಿಜಿ_ಬೆಂಗಳೂರು

ಪಿಜಿಗಳಿಗೂ ಇದೇ 5% ತಾನೇ?

ರಿಟರ್ನ್_ರಾಯ

ಎಲ್ಲಕ್ಕೂ ಅಲ್ಲ. ಒಬ್ಬರಿಗೆ ತಿಂಗಳಿಗೆ ₹20,000ದೊಳಗೆ, ಕನಿಷ್ಠ 90 ದಿನ ಸತತವಾಗಿ ಕೊಟ್ಟರೆ 2024ರ ಜುಲೈ 15ರಿಂದ ವಿನಾಯಿತಿ. ಎರಡೂ ಷರತ್ತು ಸೇರಬೇಕು. 60 ದಿನಕ್ಕೆ ಬಿಟ್ಟುಹೋದ ಇಂಟರ್ನ್‌ಗೆ ವಿನಾಯಿತಿ ಇಲ್ಲ, ಹಾಗಾಗಿ ಕರಾರು ಪತ್ರದಲ್ಲಿ ಅವಧಿ ಬರೆದಿರಲಿ. ವಿನಾಯಿತಿ ಸಿಕ್ಕ ಬಾಡಿಗೆಯೂ ₹20 ಲಕ್ಷದ ಎಣಿಕೆಗೆ ಸೇರುತ್ತದೆ ಅನ್ನುವುದು ಮೇಲಿನ ಕಾಫಿ ವಿಷಯದಂತೆಯೇ.

ತೋಟದಮನೆ_ಮೂಡಿಗೆರೆ

ಎಲ್ಲರಿಗೂ ಧನ್ಯವಾದ. ಈಗ ಕೆಲಸದ ಕ್ರಮ ಹೇಳಿ. ಈ ವರ್ಷ ಕಾಫಿ ಮಾರಿದ ದಿನ ₹20 ಲಕ್ಷ ದಾಟುತ್ತದೆ ಅಂದರೆ ಮುಂದೇನು? ಕರೆಂಟ್ ಬಿಲ್ ಇನ್ನೂ ಅಜ್ಜನ ಹೆಸರಿನಲ್ಲಿದೆ.

ಪ್ಯಾನ್_ಪಹಣಿ

ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ. ಒಳಗೇ ಹಾಕಿದರೆ ನೋಂದಣಿ ಆ ದಾಟಿದ ದಿನದಿಂದಲೇ ಜಾರಿ. ತಡ ಮಾಡಿದರೆ ನೋಂದಣಿ ಸಿಕ್ಕ ದಿನದಿಂದ ಜಾರಿ, ನಡುವಿನ ದಿನಗಳ ತೆರಿಗೆ ಬಾಕಿ ಮಾತ್ರ ತಪ್ಪದು, ಮೇಲೆ 18% ಬಡ್ಡಿ.

ದಾಖಲೆ: ಪ್ಯಾನ್, ಆಧಾರ್, ಫೋಟೋ, ಕಟ್ಟಡದ ಕಾಗದ. ಕರೆಂಟ್ ಬಿಲ್ ಅಜ್ಜನ ಹೆಸರಲ್ಲಿದ್ದರೆ ಈಗಿನ ಹಕ್ಕುದಾರರ ಒಪ್ಪಿಗೆ ಪತ್ರ, ಪಂಚಾಯಿತಿ ಕಂದಾಯ ರಸೀದಿ, ಇ-ಸ್ವತ್ತು ನಮೂನೆ ಇದ್ದರೆ ಅದೂ. ತೋಟದ ಪಹಣಿಯೊಂದನ್ನೇ ಹಾಕಬೇಡಿ, ಅದರಲ್ಲಿ ಸರ್ವೆ ನಂಬರ್ ಇರುತ್ತದೆಯೇ ಹೊರತು ಕಟ್ಟಡದ ವಿಳಾಸ ಇರುವುದಿಲ್ಲ. ಅರ್ಜಿ ಪ್ರಶ್ನೆಯಾಗಿ ವಾಪಸ್ ಬರುವುದು ಹೆಚ್ಚಾಗಿ ಅಲ್ಲೇ. ಕಂಪನಿ ಗಿರಾಕಿಗಳಿಗೆ ಹಾಕುವ ತೆರಿಗೆ ತಿಂಗಳಿಗೆ ₹2.5 ಲಕ್ಷ ಮೀರದಿದ್ದರೆ 2025ರ ನವೆಂಬರ್ 1ರಿಂದ ಬಂದ ಸರಳ ನೋಂದಣಿ ಆಯ್ದುಕೊಳ್ಳಿ, ಆಧಾರ್ ದೃಢೀಕರಣ ಆದರೆ ಮೂರು ಕೆಲಸದ ದಿನದಲ್ಲಿ ಸಿಗುತ್ತದೆ.

ರಿಟರ್ನ್_ರಾಯ

ಸಂಖ್ಯೆ ಕೈಗೆ ಬಂದ ದಿನವೇ ಎಲ್ಲ ಆ್ಯಪ್‌ಗಳಲ್ಲೂ ಹಾಕಿ. ಒಂದರಲ್ಲಿ ಮರೆತರೆ ಅದು 9(5) ಅಂತ ಕಟ್ಟುತ್ತಿರುತ್ತದೆ, ನೀವೂ ಕಟ್ಟುತ್ತೀರಿ, ಎರಡೆರಡು ಸಲ. ಸಂಖ್ಯೆ ಬರುವವರೆಗೆ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಸಾಲು ಹಾಕುವಂತಿಲ್ಲ. ಬಂದ ಮೇಲೆ ಒಂದು ತಿಂಗಳೊಳಗೆ ನಡುವಿನ ಬಿಲ್‌ಗಳಿಗೆ ಪರಿಷ್ಕೃತ ಇನ್‌ವಾಯ್ಸ್ ಮಾಡಬಹುದು. ಅತಿಥಿ ಊರಿಗೆ ಹೋಗಿಯಾಗಿರುತ್ತದೆ, ತೆರಿಗೆ ಕೇಳಿದರೆ ಕೊಡುವವರು ಅಪರೂಪ. ಹಾಗಾಗಿ ದಾಟುವ ತಿಂಗಳು ಮುಂಚೆಯೇ ಗೊತ್ತಿದ್ದರೆ ಸ್ವಯಂಪ್ರೇರಿತ ನೋಂದಣಿ ಮೊದಲೇ ಮಾಡಿಸಿಬಿಡಿ.

ರಿಟರ್ನ್‌ಗೆ ತ್ರೈಮಾಸಿಕ ಯೋಜನೆ ಸಾಕು. ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಆ್ಯಪ್ ಬುಕಿಂಗ್‌ಗಳನ್ನು 14ನೇ ಕೋಷ್ಟಕದಲ್ಲೂ ತೋರಿಸಬೇಕು. ಆ್ಯಪ್‌ನವರು ತಮ್ಮ ಟಿಸಿಎಸ್ ರಿಟರ್ನ್ ಜಿಎಸ್‌ಟಿಆರ್-8ರಲ್ಲಿ ಹಾಕಿದ ಮೊತ್ತಕ್ಕೆ ಅದು ತಾಳೆಯಾಗದಿದ್ದರೆ ಮೊದಲು ಬರುವ ನೋಟಿಸ್ ಅದರದ್ದೇ. ನೋಂದಣಿ ಆದ ಮೇಲೆ ವೃತ್ತಿ ತೆರಿಗೆಗೂ ಹೆಸರು ಹಚ್ಚಿಸಿ, ವರ್ಷಕ್ಕೆ ₹2,500, ಏಪ್ರಿಲ್ 30ರೊಳಗೆ. ಸರ್ಟಿಫಿಕೇಟನ್ನು ಕಾಣುವಂತೆ ತೂಗುಹಾಕಿ, ಗೇಟಿನ ಬಳಿಯ ಹೆಸರಿನ ಬೋರ್ಡಿನಲ್ಲಿ ಜಿಎಸ್‌ಟಿ ಸಂಖ್ಯೆ ಬರೆಸಿ. ನಿಯಮ 18, ಚಿಕ್ಕದು, ಆದರೆ ಪರಿಶೀಲನೆಗೆ ಬಂದವರು ಜೀಪಿನಿಂದ ಇಳಿಯುವಾಗಲೇ ನೋಡುವುದು ಆ ಬೋರ್ಡನ್ನು.